ಮುಟ್ಟುವ ಹುಳ

ನಮ್ಮ ಚಿಗವ್ವ ತೀರಿಕೊಂಡು ಮುಂದಿನ ನಾಟಿಯ ಹೊತ್ತಿಗೆ ವರ್ಷ ತುಂಬುತ್ತದೆ. ಅವಳು ಹಾವು ಕಚ್ಚಿ ಸತ್ತಳು ಎಂದು ಊರಿನವರು ಹೇಳುತ್ತಾರೆ, ಅದೂ ಹಾವು ಎನ್ನುವ ಪದವನ್ನು ಬಾಯಿಗೆ ತಂದುಕೊಳ್ಳದೆ. ನಾನು ಹಾಗೆ ಹೇಳುವುದಿಲ್ಲ. ಸರಿಯಾಗಿ ಕೇಳಿದ ಒಂದು ಪ್ರಶ್ನೆಗೆ ಸಿಕ್ಕ ತಪ್ಪು ಉತ್ತರದಿಂದ ಸತ್ತಳು ಎನ್ನುತ್ತೇನೆ. ಆ ಉತ್ತರ ಕೊಟ್ಟ ಯಂತ್ರದ ಕೆಲಸ ಮಾಡಿಕೊಂಡೇ ನಾನು ಆಗ ಹೊಟ್ಟೆ ಹೊರೆಯುತ್ತಿದ್ದೆ. ಈಗಲೂ ಅದೇ ಕೆಲಸ.

ಹೊಸಪೇಟೆ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಕೆಳಗೆ ಲಾರಿಗಳ ಟೈರು ಬಿಚ್ಚುವ ಸದ್ದು; ಮೇಲೆ ನಾವು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಜನರ ಮಾತು ಕೇಳುತ್ತ ಕೂತಿರುತ್ತೇವೆ. ಅದೇನು ಕೆಲಸ ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟು. ಸುತ್ತಲಿನ ತಾಲ್ಲೂಕುಗಳಲ್ಲಿ ಯಾವ ಆಸ್ಪತ್ರೆಯಲ್ಲಿ ಯಾವ ಮದ್ದಿದೆ, ಯಾವ ಡಾಕ್ಟರು ಯಾವ ದಿನ ಸಿಗುತ್ತಾರೆ, ಆಂಬುಲೆನ್ಸ್ ಎಲ್ಲಿ ನಿಂತಿದೆ ಎಂಬುದನ್ನೆಲ್ಲ ಕೂಡಿಟ್ಟ ಒಂದು ದೊಡ್ಡ ಮಾಹಿತಿ ಕಣಜ ಇದೆ. ಮೊದಲು ಅದರೊಳಗೆ ಹುಡುಕಬೇಕೆಂದರೆ ಅದರದೇ ಭಾಷೆ ಕಲಿತ ಎಂಜಿನಿಯರು ಬೇಕಾಗಿತ್ತು. ಈಗ ನಡುವೆ ಒಂದು ಎಐ ಸಹಾಯಕವನ್ನು ಕೂರಿಸಿದ್ದಾರೆ. ನೀವು ಫೋನು ಮಾಡಿ ನಿಮ್ಮ ಮಾತಿನಲ್ಲೇ ಕೇಳಬಹುದು. ಅದು ನಿಮ್ಮ ಮಾತನ್ನು ಕಣಜಕ್ಕೆ ಅರ್ಥವಾಗುವ ಪ್ರಶ್ನೆಯಾಗಿ ತಿರುಗಿಸಿ, ಒಳಗೆ ಹುಡುಕಿ, ಸಿಕ್ಕಿದ್ದನ್ನು ಕನ್ನಡದಲ್ಲಿ ನಿಮಗೆ ಹೇಳುತ್ತದೆ. ಹಂಚಿದ ಕರಪತ್ರಗಳ ಮೇಲೆಲ್ಲ ‘ನಿಮ್ಮ ಮಾತಿನಲ್ಲೇ ಕೇಳಿ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು.

ನಮ್ಮ ಮಾತು ಅಂದರೆ ಯಾವುದು ಎಂದು ಯಂತ್ರಕ್ಕೆ ಗೊತ್ತಿರಲಿಲ್ಲ. ಅದಕ್ಕಾಗಿಯೇ ನನ್ನನ್ನು ತೆಗೆದುಕೊಂಡಿದ್ದು. ಹಂಪಿ ಬಜಾರಿನಲ್ಲಿ ಎಳನೀರು ಮಾರುವವರು, ಸಂಡೂರಿನ ಗಣಿ ಲಾರಿಗಳ ಕ್ಲೀನರುಗಳು, ಪಾಪಿನಾಯಕನಹಳ್ಳಿಯ ಹೊಲದ ಹೆಂಗಸರು ಮೈ ಸರಿಯಿಲ್ಲದಾಗ ಏನೆಂದು ಹೇಳುತ್ತಾರೆ ಎಂದು ಕೇಳಿ, ರೆಕಾರ್ಡ್ ಮಾಡಿಕೊಂಡು ಬಂದು, ಪ್ರತಿ ಮಾತಿನ ಪಕ್ಕ ಅದರ ಅರ್ಥ ಬರೆಯುವುದು ನನ್ನ ಕೆಲಸ. ಮೊದಲ ತಿಂಗಳುಗಳಲ್ಲಿ ನಾವು ನಕ್ಕಿದ್ದೇ ನಕ್ಕಿದ್ದು. ಸಂಡೂರಿನ ಒಬ್ಬ ತಾಯಿ ಫೋನು ಮಾಡಿ “ನಮ್ಮ ಹುಡುಗಿಗೆ ಅಮ್ಮ ಆಗೈತ್ರಿ” ಎಂದಳು. ಮೈಮೇಲೆ ಸಿಡುಬಿನಂಥ ಗುಳ್ಳೆ ಎದ್ದಿವೆ ಎಂದು ಅವಳ ಮಾತಿನ ಅರ್ಥ. ಯಂತ್ರ ಅಭಿನಂದನೆ ಹೇಳಿ, ಬಾಣಂತಿಯರ ವಾರ್ಡಿನ ವಿಳಾಸ ಕೊಟ್ಟಿತು. ಹಂಪಿಯ ಒಬ್ಬ ಅಜ್ಜಿ “ಕೂಸಿಗೆ ದೃಷ್ಟಿ ಆಗೈತಿ” ಎಂದರೆ ಕಣ್ಣಿನ ಡಾಕ್ಟರ ಬಳಿ ಹೋಗಲು ಹೇಳಿತು. ಅಜ್ಜಿ ಬಿದ್ದು ಬಿದ್ದು ನಕ್ಕು, ಆ ಯಂತ್ರಕ್ಕೇ ಒಂದು ಸಲ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿರಿ ಎಂದಿದ್ದಳು. ಇಂಥವನ್ನೆಲ್ಲ ನಾನು ಬರೆದುಕೊಟ್ಟೆ, ಅವರು ಸರಿಮಾಡಿದರು. ಒಂದು ಒಳ್ಳೆಯ ಕೆಲಸದಲ್ಲಿ ನನ್ನದೂ ಕೈ ಇದೆ ಎಂಬ ಜಂಬ ಆಗ ನನಗಿತ್ತು.

ಚಿಗವ್ವ ನನ್ನ ಅವ್ವನ ತಂಗಿ. ಕಂಪ್ಲಿ ಹತ್ತಿರದ ಒಂದು ಊರಿನಲ್ಲಿದ್ದಳು. ಅವ್ವ ಹೊಸಪೇಟೆಯಲ್ಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದ ವರ್ಷಗಳಲ್ಲಿ ನನ್ನನ್ನು ಸಾಕಿ ಶಾಲೆಗೆ ಕಳಿಸಿದ್ದು ಇವಳೇ. ಮಕ್ಕಳಾಗಲಿಲ್ಲ, ಗಂಡ ಬಿಟ್ಟುಹೋದ, ಇವಳು ನಾಟಿ ಗುಂಪು ಸೇರಿಕೊಂಡಳು. ಕಾಲುವೆ ನೀರು ಬಿಟ್ಟ ಕೂಡಲೇ ಹತ್ತಾರು ಹೆಂಗಸರು ಸೀರೆ ಎತ್ತಿ ಕಟ್ಟಿ ಗದ್ದೆಯಿಂದ ಗದ್ದೆಗೆ ಬಗ್ಗಿಕೊಂಡೇ ಓಡಾಡುತ್ತಾರಲ್ಲ, ಅಂಥ ಗುಂಪು. ಅವಳ ಬಾಯಿ ಬಹಳ ಜೋರು. ನನ್ನ ಗಂಡನ ಮುಂದೆಯೇ ಅವನನ್ನು ಸಪ್ಪೆ ಸಾರು ಎನ್ನುತ್ತಿದ್ದಳು, ಅವನೂ ನಗುತ್ತಿದ್ದ.

ಇಷ್ಟು ಬಾಯಿ ಮಾಡುವ ಹೆಂಗಸು ಒಂದು ಪದವನ್ನು ಮಾತ್ರ ಜನ್ಮದಲ್ಲಿ ಆಡಲಿಲ್ಲ. ನಾನು ಚಿಕ್ಕವಳಿದ್ದಾಗ ಕಾಲುವೆ ದಂಡೆಯಲ್ಲಿ ಹಾವು ನೋಡಿ ಹಾವು ಹಾವು ಎಂದು ಕೂಗಿದ್ದಕ್ಕೆ ತೊಡೆ ಚಿವುಟಿ ಬಾಸುಂಡೆ ಬರಿಸಿದ್ದಳು. “ಹುಳ ಅನ್ನಬೇಕಲೇ. ಹೆಸರು ಹಿಡಿದು ಕರದ್ರ ಮನಿ ತನಕ ಬರ್ತೈತಿ.” ಇದು ಅವಳೊಬ್ಬಳ ಹುಚ್ಚಲ್ಲ. ನಮ್ಮ ಕಡೆ ಗದ್ದೆಗೆ ಇಳಿಯುವವರೆಲ್ಲ ಹೀಗೆಯೇ. ಯಾರಿಗಾದರೂ ಕಚ್ಚಿದಾಗಲಂತೂ ಅವರ ಕಿವಿಗೆ ಬೀಳುವಂತೆ ಆ ಹೆಸರು ತೆಗೆಯುವುದು ಭಾರಿ ತಪ್ಪು, ಹೆಸರು ಕೇಳಿದರೆ ವಿಷ ಸರಸರ ಮೇಲೇರುತ್ತದೆ ಎಂದು ನಂಬಿಕೆ. ಹುಳ ಮುಟ್ಟೈತಿ ಎನ್ನಬೇಕು, ಅಷ್ಟೇ. ಕೇಳಿದವರಿಗೆ ಅರ್ಥವಾಗುತ್ತದೆ, ಗಾಡಿ ಹುಡುಕಲು ಓಡುತ್ತಾರೆ.

ಈ ಮಾತನ್ನು ನಾನು ಬರೆದುಕೊಡದೆ ಬಿಟ್ಟೆನೇ? ಬಿಡಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಬರೆದೆ. ಯಂತ್ರವನ್ನು ಪರೀಕ್ಷೆ ಮಾಡಿ ನೋಡಿದಾಗ, ಹುಳ ಮುಟ್ಟೈತಿ ಎಂದರೆ ಅದು ಕೀಟ ಕಡಿತ ಎಂದುಕೊಂಡು ತುರಿಕೆಯ ಮದ್ದು ಹುಡುಕುತ್ತಿತ್ತು. ನಮ್ಮ ಮುಖ್ಯಸ್ಥರು ಮೈಸೂರು ಕಡೆಯವರು, ಮೆದು ಮಾತಿನ ಮನುಷ್ಯ. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿಸಿಕೊಂಡರು.

“ಒಳ್ಳೆ ಪಾಯಿಂಟ್ ಮೇಡಂ. ಹುಳ ಅಂತ ಬಂದ ತಕ್ಷಣ ಸಹಾಯಕ ವಾಪಸ್ ಒಂದು ಪ್ರಶ್ನೆ ಕೇಳೋ ಹಾಗೆ ಮಾಡೋಣ. ಹಾವು ಕಚ್ಚಿದೆಯಾ ಅಂತ. ಹೌದು ಅಂದ್ರೆ ಹಾವಿನ ಮದ್ದು ಹುಡುಕುತ್ತೆ, ಇಲ್ಲ ಅಂದ್ರೆ ಬೇರೆದು.”

“ಸರ್, ಆ ಹೆಸರು ಕೇಳಿದ ಕೂಡಲೇ ನಮ್ಮ ಮಂದಿ ಹೌದು ಅನ್ನಂಗಿಲ್ಲ. ಬಾಯಿ ಮುಚ್ಚಿಸಾಕ ನೋಡ್ತಾರ. ಹುಳ ಮುಟ್ಟೈತಿ ಅಂದ್ರ ಅದೊಂದ ಅಂತ ನೇರ ತಿಳ್ಕೊಳ್ಳಲಿ.”

“ಹಾಗಾದ್ರೆ ಇರುವೆ ಕಚ್ಚಿದವರೆಲ್ಲ ಹಾವಿನ ಇಂಜೆಕ್ಷನ್ ಕೇಳಿಕೊಂಡು ಹೋಗ್ತಾರಲ್ಲ.”

ನನಗೆ ಮೈಯೆಲ್ಲ ಉರಿಯಿತು. ಇರುವೆ ಕಡಿಯುತ್ತದೆ, ಚೇಳು ಕುಟುಕುತ್ತದೆ, ಜೇನು ಚುಚ್ಚುತ್ತದೆ, ಮುಟ್ಟುವ ಹುಳ ಇರುವುದು ಒಂದೇ ಎಂದು ಬಿಡಿಸಿ ಬಿಡಿಸಿ ಹೇಳಿದೆ. ನಮ್ಮ ಭಾಷೆಯಲ್ಲಿ ಗುಟ್ಟು ಇರುವುದು ಹುಳದಲ್ಲಲ್ಲ, ಮುಟ್ಟುವುದರಲ್ಲಿ. ಅವರು ಅದನ್ನೂ ಬರೆದುಕೊಂಡರು, ಪರೀಕ್ಷೆ ಮಾಡಿ ನೋಡಿಯೇ ತೀರ್ಮಾನಿಸೋಣ ಎಂದರು. ಪರೀಕ್ಷೆ ನಡೆದದ್ದು ಆಫೀಸಿನಲ್ಲೇ. ಅಕೌಂಟ್ಸಿನ ಹುಡುಗಿ, ಡ್ರೈವರು, ಬೆಂಗಳೂರಿನಿಂದ ಬಂದಿದ್ದ ಎಂಜಿನಿಯರು ಒಬ್ಬೊಬ್ಬರಾಗಿ ಫೋನು ಹಿಡಿದು ಹುಳ ಮುಟ್ಟೈತಿ ಎಂದರು. ಯಂತ್ರ ‘ಹಾವು ಕಚ್ಚಿದೆಯೇ?’ ಎಂದು ಕೇಳಿತು. ಎಲ್ಲರೂ ನಗುನಗುತ್ತ ಹೌದು ಎಂದರು. ಫ್ಯಾನಿನ ಕೆಳಗೆ, ಒಣ ನೆಲದ ಮೇಲೆ, ಕೈಯಲ್ಲಿ ಚಹಾ ಹಿಡಿದುಕೊಂಡು ಯಾರು ಬೇಕಾದರೂ ಹೌದು ಎನ್ನುತ್ತಾರೆ. ಪರೀಕ್ಷೆ ಪಾಸಾಯಿತು, ನನ್ನ ಮಾತು ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಆ ನಂಬರು ನಾಲ್ಕೂ ಕಡೆಯ ಊರುಗಳಿಗೆ ತಲುಪಿತ್ತು. ಚಿಗವ್ವನ ಗುಂಡಿ ಫೋನಿನಲ್ಲಿ ಅದನ್ನು ಹಾಕಿಕೊಟ್ಟಿದ್ದು ನಾನೇ. ಯಂತ್ರ ಎಂದರೆ ಅವಳಿಗೆ ಅರ್ಥವಾಗಲಿಲ್ಲ, ನಾನೇ ಅದರೊಳಗೆ ಕೂತಿರುತ್ತೇನೆ ಎಂದುಕೊಂಡಳು. ಒಂದು ದಿನ ಬಂದ ಕರೆಗಳನ್ನು ಕೇಳುತ್ತಿದ್ದಾಗ ಅವಳ ದನಿ ಬಂತು. “ನಮ್ಮ ಹುಡುಗಿ ಉಂಡಾಳೇನ್ರಿ?” ಯಂತ್ರ ಬಹಳ ಮರ್ಯಾದೆಯಿಂದ, ‘ಕ್ಷಮಿಸಿ, ಈ ಮಾಹಿತಿ ನನ್ನ ಬಳಿ ಇಲ್ಲ’ ಎಂದಿತ್ತು. “ಇಲ್ಲಂದ್ರ ಕೇಳಿ ಹೇಳ್ರಿ, ನಾ ಹಿಡಕೊಂಡಿರ್ತೀನಿ” ಎಂದು ಅವಳು ಹಟ ಹಿಡಿದಿದ್ದಳು. ಆಫೀಸಿನವರಿಗೆಲ್ಲ ಕೇಳಿಸಿ ನಗಿಸಿದೆ. ಅವಳಿಗೆ ಫೋನು ಮಾಡಿ ಬೈದೆ ಕೂಡ.

ನಾಟಿಯ ದಿನಗಳು. ನಾನು ಅಂದು ಸಂಡೂರಿನಲ್ಲಿದ್ದೆ. ಒಂದು ಗ್ಯಾರೇಜಿನ ಮುಂದೆ ಲಾರಿ ಡ್ರೈವರುಗಳಿಗೆ ದಮ್ಮು ಹಿಡಿದಾಗ ಏನು ಹೇಳುತ್ತೀರಿ ಎಂದು ಕೇಳುತ್ತ ಕೂತಿದ್ದೆ. ಬಿಸಿಲು ಏರಿತ್ತು. ನಾಟಿ ಗುಂಪಿನ ಮೇಸ್ತ್ರಿ ಫೋನು ಮಾಡಿದಳು. ಚಿಗವ್ವನೂ ಅವಳೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು.

“ನಿಮ್ಮ ಚಿಗವ್ವಗ ಹುಳ ಮುಟ್ಟೈತಿ. ಗಾಬರಿ ಆಗಬ್ಯಾಡ. ನಿಮ್ಮ ಫೋನಿಗೇ ಕೇಳೀವಿ, ಮದ್ದು ಇಲ್ಲೇ ಸಣ್ಣಾಸ್ಪತ್ರಿಯಾಗ ಐತಿ ಅಂತು. ಅಲ್ಲಿಗೇ ಕರಕೊಂಡು ಬಂದೀವಿ.”

ಆ ಸಣ್ಣ ಆಸ್ಪತ್ರೆಯಲ್ಲಿ ಹಾವಿನ ಮದ್ದು ಇಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ನಮ್ಮ ಕಣಜದಲ್ಲೇ ಅದು ಇತ್ತು. ಕಂಪ್ಲಿ ಪೇಟೆಯಲ್ಲಿ ಮದ್ದು ಇತ್ತು. ಅದೂ ಕಣಜದಲ್ಲಿ ಇತ್ತು. ಗದ್ದೆಯಿಂದ ಕಂಪ್ಲಿಗೆ ಒಂದು ದಾರಿ, ಸಣ್ಣಾಸ್ಪತ್ರೆಗೆ ಅದರ ಎದುರು ದಾರಿ.

“ಅಲ್ಲಿ ಇಲ್ಲ ಅಕ್ಕಾ, ಕಂಪ್ಲಿಗೆ ಹೋಗ್ರಿ, ಈಗಿಂದೀಗ ತಿರುಗ್ರಿ” ಎಂದೆ.

“ಇಲ್ಲಿ ನರ್ಸಮ್ಮನೂ ಇಲ್ಲ ಅನ್ನಾಕ ಹತ್ಯಾಳ. ಮತ್ತ ಫೋನು ಐತಿ ಅಂತಲ್ಲ?” ಎಂದಳು ಮೇಸ್ತ್ರಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ತಿಳಿಯದ ಗೊಂದಲ ಇತ್ತು. ಹಿಂದೆ ಟಂಟಂ ಗಾಡಿಯ ಸದ್ದು ಕೇಳುತ್ತಿತ್ತು. ಚಿಗವ್ವನಿಗೆ ಫೋನು ಕೊಡು ಎಂದೆ. ನಾಲಿಗೆ ತೊದಲುತ್ತಿದೆ, ಕಣ್ಣು ತೆರೆಯಲು ಆಗುತ್ತಿಲ್ಲ, ಮಾತಾಡಿಸಬೇಡ ಎಂದಳು.

ಸಂಡೂರಿನಿಂದ ಬಸ್ಸು ಹಿಡಿದೆ. ಕಿಟಕಿಯಿಂದ ಕೆಂಪು ಧೂಳು ಮುಖಕ್ಕೆ ಹೊಡೆಯುತ್ತಿತ್ತು, ಮುಂದೆ ಅದಿರು ಲಾರಿಗಳ ಸಾಲು, ಡ್ರೈವರನಿಗೆ ಹಿಂದಿಕ್ಕಲು ಆಗುತ್ತಿರಲಿಲ್ಲ. ಕಂಪ್ಲಿಯಲ್ಲಿ ಮದ್ದು ಕೊಟ್ಟರಂತೆ. ಅಷ್ಟು ಹೊತ್ತಿಗೆ ಉಸಿರು ಸೋತಿತ್ತು, ಉಸಿರಾಟದ ಮಷಿನ್ ಬೇಕು, ಹೊಸಪೇಟೆಗೆ ಒಯ್ಯಿರಿ ಎಂದು ಅವರೇ ಆಂಬುಲೆನ್ಸ್ ಹತ್ತಿಸಿದರಂತೆ. ನಾನು ಹೊಸಪೇಟೆಯ ಆಸ್ಪತ್ರೆ ಗೇಟಿನಲ್ಲಿ ನಿಂತು ದಾರಿ ಕಾಯುತ್ತಿದ್ದೆ. ಕಮಲಾಪುರ ದಾಟುವಾಗಲೇ ಹೋಗಿದ್ದಳು. ಆಂಬುಲೆನ್ಸಿನ ಬಾಗಿಲು ತೆಗೆದಾಗ ಅವಳ ಪಾದಕ್ಕೆ ಗದ್ದೆಯ ಕೆಸರು ಒಣಗಿ ಅಂಟಿತ್ತು. ಯಾರೂ ಕಾಲು ತೊಳೆಸಿರಲಿಲ್ಲ, ಪುರುಸೊತ್ತು ಎಲ್ಲಿತ್ತು.

ಬದುವಿನ ಮೇಲೆ ಇಟ್ಟಿದ್ದ ಸಸಿಯ ಕಟ್ಟನ್ನು ಎತ್ತುವಾಗ ಕೆಳಗೆ ಅದು ಮಲಗಿತ್ತು ಎಂದು ಆಮೇಲೆ ಮೇಸ್ತ್ರಿ ಹೇಳಿದಳು. ಎಲ್ಲರೂ ನೋಡಿದ್ದರು. ಅದು ಯಾವುದು ಎಂದು ಆ ಗದ್ದೆಯಲ್ಲಿ ಒಬ್ಬರಿಗೂ ಅನುಮಾನ ಇರಲಿಲ್ಲ. ಮೊದಲಾಗಿದ್ದರೆ ಯಾರನ್ನೂ ಕೇಳದೆ ಕಂಪ್ಲಿಗೇ ಒಯ್ಯುತ್ತಿದ್ದರು. ಫೋನು ಇದೆಯಲ್ಲ, ಕೇಳಿಯೇ ಹೋದರೆ ಅಲೆದಾಡುವುದು ತಪ್ಪುತ್ತದೆ ಎಂದು ಈ ಸಲ ಕೇಳಿದರು.

ಯಾರ ಸಲುವಾಗಿ ಕರೆ ಬಂದಿತ್ತೋ ಅವರು ಸತ್ತರೆ ಆ ಕರೆಯನ್ನು ತೆಗೆದು ಕೇಳುವುದು ನಮ್ಮಲ್ಲಿ ನಿಯಮ. ಮುಖ್ಯಸ್ಥರು, ನೀವು ಈ ಮೀಟಿಂಗಿಗೆ ಬರುವುದು ಬೇಡ ಮೇಡಂ ಎಂದರು. ಬರುತ್ತೇನೆ ಎಂದು ಹೋಗಿ ಕೂತೆ. ಬೆಂಗಳೂರಿನವರು ಪರದೆಯ ಮೇಲೆ ಇದ್ದರು. ಕರೆ ಹಾಕಿದರು.

“ಹುಳ ಮುಟ್ಟೈತ್ರಿ, ಜಲ್ದಿ ಹೇಳ್ರಿ, ಮದ್ದು ಎಲ್ಲೈತಿ?” ಮೇಸ್ತ್ರಿಯ ದನಿ, ಏದುಸಿರು.

‘ನಿಮಗೆ ಸಹಾಯ ಮಾಡುತ್ತೇನೆ. ಹಾವು ಕಚ್ಚಿದೆಯೇ?’

“ಅಯ್ಯ, ಬ್ಯಾಡ್ರಿ. ಹಂಗ ಅನಬ್ಯಾಡ್ರಿ.”

‘ಧನ್ಯವಾದ. ಹುಳ ಮುಟ್ಟಿದ್ದಕ್ಕೆ ಔಷಧ ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಲಭ್ಯವಿದೆ. ವಿಳಾಸ ಹೇಳಲೇ?’

“ವಿಳಾಸ ಗೊತ್ತೈತ್ರಿ” ಎಂದಳು ಮೇಸ್ತ್ರಿ. ಹಿಂದಿನಿಂದ ಚಿಗವ್ವ ಏನೋ ಹೇಳಿದಳು, ಮೇಸ್ತ್ರಿ ಫೋನು ಇಟ್ಟಳು. ಅಷ್ಟೇ ಕರೆ.

ಬ್ಯಾಡ ಎಂದಿದ್ದನ್ನು ಯಂತ್ರ ಇಲ್ಲ ಎಂದು ತಿಳಿಯಿತು. ಹಾವಲ್ಲ ಎಂದುಕೊಂಡು ಕೀಟಕ್ಕೆ ಮದ್ದು ಹುಡುಕಿತು, ಕೀಟದ ಮದ್ದು ಹತ್ತಿರದಲ್ಲೇ ಇತ್ತು. ಕರೆ ಮಾಡಿದವರ ಪದವನ್ನೇ ಉತ್ತರದಲ್ಲೂ ಬಳಸಿದರೆ ಆತ್ಮೀಯವಾಗಿರುತ್ತದೆ ಎಂದು ಬೆಂಗಳೂರಿನವರು ಮೊದಲೇ ಹೇಳಿಕೊಟ್ಟಿದ್ದರು. ಹಾಗಾಗಿ ಅದು ಕೀಟ ಎನ್ನಲಿಲ್ಲ, ಹುಳ ಮುಟ್ಟಿದ್ದಕ್ಕೆ ಮದ್ದು ಇದೆ ಎಂದಿತು. ಹೆಸರೆತ್ತದೆ ತಮ್ಮಂತೆಯೇ ಹೇಳಿತಲ್ಲ, ಅರ್ಥವಾಯಿತು ಎಂದು ಆ ಹೆಂಗಸರು ನೆಮ್ಮದಿಯಿಂದ ಗಾಡಿ ಹತ್ತಿದರು.

ಪರದೆಯ ಮೇಲಿದ್ದ ಒಬ್ಬಾತ ಗಂಟಲು ಸರಿಮಾಡಿಕೊಂಡು, ಖಚಿತಪಡಿಸುವ ಪ್ರಶ್ನೆಯನ್ನು ಕೇಳಲಾಗಿದೆ, ಕರೆ ಮಾಡಿದವರು ನಿರಾಕರಿಸಿದ್ದಾರೆ, ಆದ್ದರಿಂದ ಹುಡುಕಾಟ ನಿಯಮದಂತೆ ಸರಿಯಾಗಿದೆ ಎಂದ. ನಾನು ಎದ್ದುನಿಂತೆ. ಕನ್ನಡದಲ್ಲಿ ನನಗೆ ಬರುವ ಬೈಗುಳ ಕಡಿಮೆಯೇನಲ್ಲ, ಚಿಗವ್ವನ ಕೈಯಲ್ಲಿ ಬೆಳೆದವಳು. ಆದರೂ “ಆಕಿ ಅಲ್ಲ ಅಂದಿಲ್ಲ, ಅನಬ್ಯಾಡ್ರಿ ಅಂದಾಳ” ಎಂದಷ್ಟೇ ಹೇಳಿದೆ. ಅದನ್ನು ಅವರಿಗೆ ಮುಖ್ಯಸ್ಥರು ಇಂಗ್ಲಿಷಿನಲ್ಲಿ ವಿವರಿಸಬೇಕಾಯಿತು. ವಿವರಿಸುವಾಗ ಅವರ ಕಣ್ಣಲ್ಲಿ ನೀರಿತ್ತು. ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ ನನಗೆ. ಸಿಟ್ಟು ಮಾಡಲು ಯಾರಾದರೂ ಒಬ್ಬರು ಸಿಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು.

ಚಿಗವ್ವ ಹಿಂದಿನಿಂದ ಹೇಳಿದ ಮಾತು ಬರವಣಿಗೆಯಲ್ಲಿ ‘ಅಸ್ಪಷ್ಟ’ ಎಂದಷ್ಟೇ ಇತ್ತು. ಅಸ್ಪಷ್ಟವಾದುದನ್ನು ಕೇಳಿ ಬರೆಯುವುದು ನನ್ನ ಕೆಲಸವೇ ಆದ್ದರಿಂದ ಅದು ನನ್ನ ಮೇಜಿಗೇ ಬಂತು. ದನಿ ಏರಿಸಿ ಮತ್ತೆ ಮತ್ತೆ ಕೇಳಿದೆ. “ಹುಳ ಅಂದಿಯಲ್ಲ, ಸಾಕು ಬಿಡು. ನಮ್ಮ ಹುಡುಗಿಗೆ ತಿಳೀತೈತಿ.” ಇಷ್ಟು ಹೇಳಿದ್ದಳು. ನೋವಿನಲ್ಲೂ ದನಿ ಗಟ್ಟಿಯಾಗಿತ್ತು, ಧೈರ್ಯ ಹೇಳುವವರ ದನಿ. ಅದನ್ನು ಟೈಪ್ ಮಾಡಿ ಕಳಿಸಿ, ಮಹಡಿ ಇಳಿದು ಹೋಗಿ ಟೈರ್ ಅಂಗಡಿಯ ಹಿಂದೆ ಕೂತು ಅತ್ತೆ.

ಆಮೇಲೆ ಬೇಗ ಬೇಗ ಎಲ್ಲ ಸರಿಮಾಡಿದರು. ವಾಪಸ್ ಕೇಳುವ ಪ್ರಶ್ನೆ ತೆಗೆದರು. ಹುಳ, ಮುಟ್ಟು, ಇವೆರಡೂ ಒಟ್ಟಿಗೆ ಬಂದರೆ ನೇರವಾಗಿ ಹಾವಿನ ಮದ್ದು ಹುಡುಕುತ್ತದೆ, ಆ ಹೆಸರನ್ನು ಅದೂ ಎತ್ತುವುದಿಲ್ಲ. ನಾನು ಮೊದಲು ಹೇಳಿದ್ದೂ ಅದನ್ನೇ. ಈ ಸುದ್ದಿ ಹೇಳಲು ಚಿಗವ್ವನ ಊರಿಗೆ ಹೋದೆ. ಮೇಸ್ತ್ರಿ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು.

“ಈಗ ತಿಳೀತೈತೇನು ಅದಕ್ಕ?”

“ತಿಳೀತೈತಿ.”

“ಒಳ್ಳೇದಾತು ಬಿಡು” ಎಂದು ಎದ್ದು, ಒಳಗಿನಿಂದ ತನ್ನ ಫೋನು ತಂದು ನನ್ನ ಕೈಗಿಟ್ಟಳು. “ಆ ನಂಬರು ಇದರಾಗಿಂದ ತಗದುಬಿಡವ್ವ. ನನಗ ತಗಿಯಾಕ ಬರಂಗಿಲ್ಲ. ಗುಂಪಿನಾಗ ಉಳದವರದ್ದೆಲ್ಲ ತಗಿಸಿದ್ವಿ.” ನನ್ನನ್ನು ನೋಯಿಸಬೇಕೆಂದು ಹೇಳಿದ್ದಲ್ಲ. ಚಹಾ ಮಾಡಿಕೊಟ್ಟಳು, ಉಂಡು ಹೋಗು ಎಂದಳು. ನಾನು ನಂಬರು ಅಳಿಸಿಕೊಟ್ಟೆ. ಆ ಕಡೆಯ ಊರುಗಳಿಂದ ಈಗ ಕರೆಗಳು ಬರುವುದಿಲ್ಲ.

ಕೆಲಸ ಬಿಡು ಎಂದು ಗಂಡ ಹೇಳುತ್ತಾನೆ. ಬಿಟ್ಟು ಏನು ಮಾಡಲಿ? ನನ್ನ ಜಾಗಕ್ಕೆ ಬರುವವರಿಗೆ ಮುಟ್ಟುವ ಹುಳ ಯಾವುದು ಎಂದು ಗೊತ್ತಿರುತ್ತದೆ ಎಂಬ ಭರವಸೆ ನನಗಿಲ್ಲ. ನನಗೆ ಗೊತ್ತಿದ್ದೂ ಆದ ಉಪಕಾರವಾದರೂ ಏನು ಎಂದು ಅವನು ಕೇಳುವುದಿಲ್ಲ, ಅಷ್ಟು ಒಳ್ಳೆಯವನು.

ಯಂತ್ರವನ್ನು ಆಗಾಗ ಬದಲಿಸುತ್ತಾರೆ, ಹೊಸ ಮಾದರಿ ಎನ್ನುತ್ತಾರೆ. ಬದಲಿಸಿದಾಗಲೆಲ್ಲ ಹಳೆಯ ತಪ್ಪುಗಳು ಮರುಕಳಿಸಿವೆಯೇ ಎಂದು ನೋಡಲು ಕೆಲವು ಕರೆಗಳನ್ನು ಅದಕ್ಕೆ ಕೇಳಿಸುತ್ತಾರೆ. ಅದರಲ್ಲಿ ಮೊದಲನೆಯದು ಚಿಗವ್ವನ ಕರೆ. ಮೇಸ್ತ್ರಿ ಏದುಸಿರು ಬಿಡುತ್ತ ಮದ್ದು ಎಲ್ಲಿ ಎನ್ನುತ್ತಾಳೆ. ಯಂತ್ರ ತಡಮಾಡುವುದಿಲ್ಲ, ಮರುಪ್ರಶ್ನೆ ಕೇಳುವುದಿಲ್ಲ. ಕಂಪ್ಲಿಗೆ ಹೋಗಿ, ಮದ್ದು ಅಲ್ಲಿದೆ, ದಾರಿಗೆ ಆಂಬುಲೆನ್ಸ್ ಕಳಿಸುತ್ತಿದ್ದೇನೆ ಎನ್ನುತ್ತದೆ. ಪ್ರತಿ ಸಲವೂ ಅದು ಚಿಗವ್ವನನ್ನು ಉಳಿಸುತ್ತದೆ. ಉತ್ತರ ಸರಿಯಿದೆಯೇ ಎಂದು ನೋಡಿ ಗುಂಡಿ ಒತ್ತುವವಳು ನಾನು, ಸರಿ ಎಂದು ಒತ್ತುತ್ತೇನೆ.